ಇ-ಸೈಕಲ್ ಬ್ಯಾಟರಿ ಮನ್ಯಾಗ ಬಿಚ್ಚಿ ಕಟ್ಟಬಹುದೇನ್ರಿ? ಏಳ್ ಕಿಲೋಮೀಟರಿಗೇ ಬಂದ್ ಆಗಾಕತ್ತೈತಿ

ಉಣಕಲ್_ಪೆಡಲ್
ನಮಸ್ಕಾರ್ರಿ ಎಲ್ಲಾರಿಗೂ. ನಂದೊಂದು ಇ-ಸೈಕಲ್ ಐತಿ, ತಗೊಂಡು ನಾಕ್ ವರ್ಷ ಆತು. ಹಿಂದಿನ ಗಾಲ್ಯಾಗ 250 ವ್ಯಾಟ್ ಮೋಟರ್, 36 ವೋಲ್ಟ್ 10 ಎಎಚ್ (ಆಂಪಿಯರ್-ಅವರ್) ಬ್ಯಾಟರಿ. ಉಣಕಲ್ಲಿಂದ ಗೋಕುಲ ರೋಡಿಗೆ ದಿನಾ ಕೆಲಸಕ್ಕ ಹೋಗಿ ಬರ್ತೀನಿ, ಮೊದ್ಲ ಒಮ್ಮೆ ಚಾರ್ಜ್ ಮಾಡಿದ್ರ ಎರಡ್ ದಿನ ಆರಾಮ ಬರ್ತಿತ್ತು. ದೀಪಾವಳಿ ಮುಂದ ಚಾಲೂ ಆತ್ ನೋಡ್ರಿ ಕಾಟ, ಏಳ್ ಕಿಲೋಮೀಟರ್ ಆಗೋದ್ರಾಗ ಟಪ್ ಅಂತ ಬಂದ್, ಡಿಸ್ಪ್ಲೇನೂ ಆರ್ತೈತಿ. ಐದ್ ನಿಮಿಷ ನಿಂತು ಮತ್ತ ಬಟನ್ ಒತ್ತಿದ್ರ ಚಾಲೂ ಆಗ್ತೈತಿ, ಏರ್ ಬಂತಂದ್ರ ಮತ್ತ ಅದ ಹಾಡು. ಫುಲ್ ಚಾರ್ಜ್ ಆದಮ್ಯಾಲ ಮೀಟರ್ ಹಿಡದ್ರ 41.1 ವೋಲ್ಟ್ ತೋರಸ್ತೈತಿ, 42 ಇರಬೇಕಂತ, ಅಂದ್ರ ಬ್ಯಾಟರಿ ಚಲೋನ ಐತಿ ಅಲ್ರಿ? ಅಂಗಡ್ಯಾಗ ಕೇಳಿದ್ರ ಬಿಚ್ಚಿ ನೋಡಲೂ ಇಲ್ಲ, ಹೊಸಾದು ಹಾಕ್ರಿ 18 ಸಾವಿರ ಅಂದ್ರು. ನನಗ ಸೋಲ್ಡರಿಂಗ್ ಬರ್ತೈತಿ, ಮನ್ಯಾಗ ಮಿಕ್ಸರ್ ಫ್ಯಾನ್ ಎಲ್ಲಾ ನಾನ ರಿಪೇರಿ ಮಾಡ್ತೀನಿ. ಬಿಚ್ಚಲೇನು ಬ್ಯಾಡೇನು ಹೇಳ್ರಿ.

ಬ್ಯಾಡಗಿ_ಘಾಟ್
ಏರಿಗೆ ಬಂದ್ ಆಗೋದು ಸೈಕಲ್ಲೋ ನೀವೋ ಅಣ್ಣಾರ

ರಾಣೆಬೆನ್ನೂರ_ಸ್ಪೀಡ್
ಬಿಚ್ರಿ ಬಿಚ್ರಿ, ಏನಾಗಂಗಿಲ್ಲ. ಒಳಗ 40 ಸೆಲ್ ಇರ್ತಾವು, ಹತ್ತರಾಗ ಒಂದೆರಡು ಸತ್ತಿರ್ತಾವು. ಹಳೇ ಲ್ಯಾಪ್‌ಟಾಪ್ ಬ್ಯಾಟರಿ ಒಡದು ಅದರಾಗಿನ ಸೆಲ್ ಹಾಕಿದ್ರ ಮುಗೀತು, ನಾ ನಮ್ಮ ಮಾವಂದು ಹಿಂಗ ಮಾಡಿಕೊಟ್ಟೇನಿ, ಖರ್ಚು 300 ರೂಪಾಯಿ.

ಬೆಂಗ್ಳೂರಲ್ಲಿರೋ_ಹಾವೇರಿಯವ
ದಯವಿಟ್ಟು ಮಾಡ್ಬೇಡಿ ಗುರು. ನಮ್ ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ ಒಂದು ಗಾಡಿ ಬ್ಯಾಟರಿ ಹತ್ಕೊಂಡಿದ್ದು ಕಣ್ಣಾರೆ ನೋಡಿದೀನಿ, ಎರಡೇ ನಿಮಿಷಕ್ಕೆ ಹೊಗೇಲಿ ಏನೂ ಕಾಣ್ತಿರ್ಲಿಲ್ಲ. ಮಿಕ್ಸರ್ ಬೇರೆ, ಲಿಥಿಯಂ ಬೇರೆ.

ರಿವೈಂಡಿಂಗ್_ಕಾಕಾ
ತಮ್ಮಾ ಉಣಕಲ್, ಎರಡೂ ತುದಿ ಹಿಡದು ಅಳದ್ರ ಏನೂ ತಿಳಿಯಂಗಿಲ್ಲ. ಒಳಗ ನಾಕ್ ನಾಕ್ ಸೆಲ್ ಜೋಡಿಸಿ ಒಂದು ಗುಂಪು, ಅಂಥಾ ಹತ್ತು ಗುಂಪು ಸಾಲಾಗಿ ಇರ್ತಾವು. ಒಂಬತ್ತು ಗುಂಪು ತುಂಬಿ ಒಂದು ಖಾಲಿ ಇದ್ರೂ ಒಟ್ಟು 41ರ ಹತ್ರನ ಬರ್ತೈತಿ. ಓಡೂ ಮುಂದ ಮಾತ್ರ ಕುಂಟ ಎತ್ತು ಕುಂತ್ರ ಗಾಡಿನ ಕುಂತಂಗ. ಯಾವದರ ಒಂದು ಗುಂಪು ಹೆಚ್ಚೂಕಡಿಮಿ 2.8 ವೋಲ್ಟಿಗೆ ಇಳೀತಂದ್ರ ಬಿಎಂಎಸ್ (ಬ್ಯಾಟರಿ ಕಾಯೋ ಸರ್ಕ್ಯೂಟ್ ಬೋರ್ಡ್) ಲೈನ್ ಕಟ್ ಮಾಡ್ತೈತಿ, ನಿಂತಾಗ ವೋಲ್ಟೇಜ್ ತುಸು ಏರ್ತೈತಿ, ಮತ್ತ ಚಾಲೂ. ನಿಂದು ಅದ ರೋಗ. ಸೆಲ್ ಕೀಳಬ್ಯಾಡ ಈಗ, ಬಿಎಂಎಸ್‌ಗೆ ಹೋಗೋ ಬಿಳಿ ಕನೆಕ್ಟರ್‌ನಾಗ 11 ಸಣ್ಣ ವಾಯರ್ ಇರ್ತಾವು, ಮಗ್ಗಲ ಮಗ್ಗಲದ ಎರಡೆರಡು ಹಿಡದು ಹತ್ತೂ ಗುಂಪು ಅಳದು ಇಲ್ಲಿ ಬರಿ.

ಉಣಕಲ್_ಪೆಡಲ್
ಕಾಕಾ ನೀವು ಹೇಳಿದಂಗ ಕವರ್ ಬಿಚ್ಚಿ ಅಳದೆ, ರಾತ್ರಿ ಚಾರ್ಜ್ ಮಾಡಿ ಬೆಳಿಗ್ಗೆ ನೋಡಿದ್ದು. ಒಂಬತ್ತು ಗುಂಪು 4.18ರಿಂದ 4.20, ಏಳನೇದು ಒಂದ 3.41. ಯಪ್ಪಾ. ಮೂರು ಸಲ ಅಳದೆ, ಮೀಟರ್ ಸೆಲ್ ವೀಕ್ ಆಗೈತೇನೋ ಅಂತ ಅದನ್ನೂ ಬದಲಿ ಮಾಡಿ ಅಳದೆ. 3.41 ಅಂದ್ರ 3.41.

ರಾಣೆಬೆನ್ನೂರ_ಸ್ಪೀಡ್
ನಾ ಹೇಳಲಿಲ್ಲೇನು. ಏಳನೇದು ಕಿತ್ತು ಒಗದು ಲ್ಯಾಪ್‌ಟಾಪ್ ಸೆಲ್ ನಾಕು ಹಾಕ್ರಿ.

ಡಿಪ್ಲೊಮಾ_ಲ್ಯಾಬ್
ಸ್ವಲ್ಪ ತಡೀರಿ. ಗುಂಪು ಕೆಳಗ ಇಳದದ ಅಂದ ಮಾತ್ರಕ್ಕ ಸೆಲ್ ಸತ್ತಾವ ಅಂತ ಅಲ್ಲ. ಸಾದಾ ಬಿಎಂಎಸ್ ಬ್ಯಾಲನ್ಸ್ ಮಾಡೋದು, ಅಂದ್ರ ಎಲ್ಲಾ ಗುಂಪು ಸಮ ಮಾಡೋದು, 50 ಮಿಲಿಆಂಪಿನಷ್ಟರಾಗ, ಅದೂ ತುಂಬಿದ ಗುಂಪಿನ ಕರೆಂಟ್ ಸುಟ್ಟು ಖಾಲಿ ಮಾಡೋದು. 1 ಎಎಚ್ ಫರಕ್ ಸರಿ ಮಾಡ್ಲಿಕ್ಕೇ 20 ತಾಸು ಬೇಕು, ನಿಮ್ಮ ಚಾರ್ಜರ್ ಹಸಿರು ದೀಪ ಬಂದ ಕೂಡ್ಲೆ ನೀವು ಕಿತ್ತು ಕೆಲಸಕ್ಕ ಓಡ್ತೀರಿ. ಹಂಗಾಗಿ ಸಣ್ಣ ಫರಕ್ ಬೆಳಕೋತ ಬೆಳಕೋತ ಇಷ್ಟಾಗಿರಬಹುದು. ಮೊದಲ ಏಳನೇ ಗುಂಪಿಗೆ ಅಷ್ಟ ಚಾರ್ಜ್ ಕೊಡ್ರಿ. ಟಿಪಿ4056 ಅಂತ ಬೆರಳಗಲದ ಬೋರ್ಡ್ ಸಿಗ್ತದ, ಒಂದು ಆಂಪು ಕೊಟ್ಟು 4.2ಕ್ಕ ತಾನ ನಿಲ್ಲಸ್ತದ. 10 ಎಎಚ್ ಗುಂಪು ಅಂದ್ರ ಒಂಬತ್ತು ಹತ್ತು ತಾಸು ಹಿಡೀತದ. ತುಂಬಿದ ಮ್ಯಾಲ ಬಿಎಂಎಸ್ ಕನೆಕ್ಟರ್ ತಗದು ಐದು ದಿನ ಮುಟ್ಟಬ್ಯಾಡ್ರಿ. ಇಳೀಲಿಲ್ಲ ಅಂದ್ರ ಸೆಲ್ ಶಾಣ್ಯಾ, ಬಿಎಂಎಸ್ ಕಳ್ಳ. ಇಳೀತು ಅಂದ್ರ ಸೆಲ್ಲೇ ಕಳ್ಳ.

ಮತ್ತ ಒಂದು. ಬಿಚ್ಚೋ ಮುಂದ ಕೈಯಾಗಿನ ಉಂಗುರ, ಗಡಿಯಾರ ತಗೀರಿ. ಪಾನಾ, ಸ್ಕ್ರೂಡ್ರೈವರ್ ಹಿಡಿಕಿ ತನಾ ಟೇಪ್ ಸುತ್ತರಿ. 42 ವೋಲ್ಟ್ ಶಾಕ್ ಹೊಡಿಯೋದಕ್ಕಿಂತ ಶಾರ್ಟ್ ಆದಾಗ ಲೋಹ ಕರಗಿ ಸಿಡಿಯೋದು ಘಾತ.

ಸಪ್ತಾಪುರ_ಸ್ಟೂಡೆಂಟ್
ಮೇಡಂ ಹೇಳಿದ್ದು ಖರೆ, ನನ್ನ ಕಡೆ ಉಂಗುರ ಇರಲಿಲ್ಲ ಕೊರಳಾಗ ಬೆಳ್ಳಿ ಚೈನ್ ಇತ್ತು, ಬಗ್ಗಿ ನೋಡೋ ಮುಂದ ತಾಗಿ ಚಟ್ ಅಂತು, ಎದಿ ಮ್ಯಾಲ ಇನ್ನೂ ಒಂದ್ ಗೆರಿ ಐತಿ. ಅವ್ವಗ ಇಸ್ತ್ರಿ ತಾಗ್ತು ಅಂತ ಹೇಳೇನಿ.

ಬ್ಯಾಡಗಿ_ಘಾಟ್
ಇಸ್ತ್ರಿ ಎದಿಗೆ ಹೆಂಗ ತಾಗ್ತು ಅಂತ ಕೇಳಲಿಲ್ಲೇನು ಅವ್ವ

ಸಪ್ತಾಪುರ_ಸ್ಟೂಡೆಂಟ್
ಕೇಳಿದ್ಲು

ಬೆಟಗೇರಿ_ಮಗ್ಗ
ನಡುವ ಬಾಯಿ ಹಾಕ್ತೀನಿ ಕ್ಷಮಾ ಇರಲಿ. 36ರ ಬದ್ಲಿ 48 ವೋಲ್ಟ್ ಕಟ್ಟಿಬಿಟ್ರ ಜೋರ್ ಓಡ್ತೈತೆಲ್ಲಾ, ಹೆಂಗೂ ಬಿಚ್ಚಾಕತ್ತೀರಿ?

ರಿವೈಂಡಿಂಗ್_ಕಾಕಾ
ಓಡ್ತೈತಿ, ಕಂಟ್ರೋಲರ್ (ಮೋಟರಿಗೆ ಕರೆಂಟ್ ಬಿಡೋ ಡಬ್ಬಿ) ತಡಕೊಂಡ್ರ. 13 ಗುಂಪು ತುಂಬಿದಾಗ 54.6 ವೋಲ್ಟ್ ಆಗ್ತೈತಿ, ಕಂಟ್ರೋಲರ್ ಒಳಗಿನ ಕೆಪಾಸಿಟರ್ ಮ್ಯಾಲ 50 ವೋಲ್ಟ್ ಅಂತ ಇದ್ರ ಪಟಾಕಿ ಕೊಳ್ಳೋದು ಬ್ಯಾಡ. ಇನ್ನೊಂದು, 250 ವ್ಯಾಟ್ ಮತ್ತ 25 ಕಿಲೋಮೀಟರ್ ಸ್ಪೀಡಿನ ಒಳಗ ಇದ್ರ ಅಷ್ಟ ನಂಬರ್ ಪ್ಲೇಟ್, ಲೈಸೆನ್ಸ್ ಕೇಳಂಗಿಲ್ಲ. ದಾಟಿದ್ರ ಅದು ಸೈಕಲ್ ಅಲ್ಲ, ಗಾಡಿ.

ರಾಣೆಬೆನ್ನೂರ_ಸ್ಪೀಡ್
ಯಾರ್ ಹಿಡೀತಾರ್ರೀ ಕಾಕಾ, ನಾ 40ರಾಗ ಹೋಗ್ತೀನಿ

ರಿವೈಂಡಿಂಗ್_ಕಾಕಾ
ಸೈಕಲ್ ಬ್ರೇಕ್ ಹಿಡೀದಿದ್ದಾಗ ಎಮ್ಮಿ ಹಿಡೀತೈತಿ ತಮ್ಮಾ.

ಉಣಕಲ್_ಪೆಡಲ್
ಎಂಟ್ ದಿನ ಬಿಟ್ಟು ಬಂದೇನಿ. ಮೇಡಂ, ನೀವು ಹೇಳಿದಂಗ ಏಳನೇ ಗುಂಪು 4.19ರ ತನಾ ತುಂಬಿಸಿ, ಕನೆಕ್ಟರ್ ತಗದು, ಕಪಾಟಿನ ಮ್ಯಾಲ ಇಟ್ಟಿದ್ದೆ. ಐದ್ ದಿನಕ್ಕ 4.02. ಬಾಕಿ ಎಲ್ಲಾ 4.18ಕ್ಕ ಗಟ್ಟಿ ನಿಂತಾವು. ಅಂದ್ರ ಸೆಲ್ಲೇ ಕಳ್ಳ. ಆಮ್ಯಾಲ ಆ ಗುಂಪಿನ ಸೆಲ್ ಜೋಡಿಸಿದ ನಿಕ್ಕಲ್ ಪಟ್ಟಿ ಕತ್ತರಿಸಿ ನಾಕೂ ಸೆಲ್ ಬ್ಯಾರೆ ಮಾಡಿ ಮೂರು ದಿನ ಇಟ್ಟೆ. ಮೂರು 4.01, 4.02 ಅಲ್ಲೇ ಅದಾವು. ನಾಕನೇದು 3.62. ಅದೊಂದ ತನ್ನೊಳಗ ಸೋರಕೋತ ಮಗ್ಗಲಿನ ಮೂರನ್ನೂ ಖಾಲಿ ಮಾಡಾಕತ್ತಿತ್ತು.

ಅದರ ಪ್ಲಸ್ ತುದಿ ಮ್ಯಾಲಿನ ಬಿಳಿ ಕಾಗದದ ರಿಂಗ್ ತಗದು ನೋಡಿದ್ರ ಸುತ್ತಲೂ ತುಕ್ಕು. ಚಹಾ ಕಪ್ಪಿನ ತಳದ ಕಲಿ ಇರ್ತೈತೆಲ್ಲ, ಹಂಗ ಕಂದು ಗೆರಿ. ಮೂಗಿನ ಹತ್ರ ಹಿಡದ್ರ ನಮ್ ಅಕ್ಕ ಉಗುರಿಗೆ ಹಚ್ಚೋ ಬಣ್ಣದ ವಾಸನಿ, ಸ್ವಲ್ಪ ಸಿಹಿ ಸಿಹಿ.

ಡಿಪ್ಲೊಮಾ_ಲ್ಯಾಬ್
ಮೂಗಿಗೆ ಹಿಡೀಬ್ಯಾಡ್ರಿ ಮಾರಾಯರ! ಅದು ಒಳಗಿನ ಎಲೆಕ್ಟ್ರೊಲೈಟ್ ದ್ರಾವಣ ಸೋರೋ ವಾಸನಿ. ಆ ಸೆಲ್ಲು ಮನಿ ಹೊರಗ ಇಡ್ರಿ, ತುದಿಗೆ ಟೇಪ್ ಹಚ್ಚಿ, ಮಣ್ಣಿನ ಕುಂಡ್ಯಾಗ ಆದ್ರೂ ಅಡ್ಡಿಯಿಲ್ಲ. ಮತ್ತ ನೀರು ಎಲ್ಲಿಂದ ಬಂತು?

ಉಣಕಲ್_ಪೆಡಲ್
ಮಳಿ ಮೇಡಂ, ಈ ಸಲ ಹಿಡದಿತ್ತಲ್ರಿ.

ಡಿಪ್ಲೊಮಾ_ಲ್ಯಾಬ್
ಮಳಿ ನಾಕೂ ವರ್ಷ ಬಂದದ. ಇರಲಿ.

ರಾಣೆಬೆನ್ನೂರ_ಸ್ಪೀಡ್
ಒಂದ ಸೆಲ್ಲಿನ ಸಲುವಾಗಿ ಇಷ್ಟ ಪುರಾಣ. ಲ್ಯಾಪ್‌ಟಾಪ್ ಸೆಲ್ ಒಂದು ಹಾಕಿ ಮುಗಸ್ರಿ.

ಡಿಪ್ಲೊಮಾ_ಲ್ಯಾಬ್
ಸ್ಪೀಡ್ ಅವರ, ಅವರ ಕಂಟ್ರೋಲರ್ 15 ಆಂಪಿಂದು ಅಂತ ಇಟ್ಕೋರಿ. ಏರಿನಾಗ ಒಂದೊಂದು ಸೆಲ್ಲಿಗೆ 3.75 ಆಂಪು ಬೀಳ್ತದ. ಲ್ಯಾಪ್‌ಟಾಪ್ ಸೆಲ್ಲು ಕುಂತು ಕೆಲಸ ಮಾಡೋ ಮಂದಿ ಇದ್ದಂಗ, ಒಂದು ಆಂಪಿನ ಆಜೂಬಾಜೂ ಅದರ ರೂಢಿ. ಅದೂ ಹಳೇದು. ಎಳೀತದ, ಆದ್ರ ಬಿಸಿ ಆಗ್ತದ, ವೋಲ್ಟೇಜ್ ಕುಸೀತದ, ಆರು ತಿಂಗಳಿಗೆ ಮತ್ತ ಅದ ಏಳನೇ ಗುಂಪು. ಮತ್ತ 2 ವೋಲ್ಟಿನ ಕೆಳಗ ಭಾಳ ದಿನ ಬಿದ್ದಿದ್ದ ಸೆಲ್ಲು ಚಾರ್ಜ್ ತಗೊಂಡ್ರೂ ನಂಬಬಾರದು, ಒಳಗಿನ ತಾಮ್ರ ಕರಗಿ ಬ್ಯಾರೆ ಕಡೆ ಕುಂತಿರ್ತದ, ಮುಂದ ಒಳಗ ಶಾರ್ಟ್. ಮೋಡಕಾದಿಂದ ಬರೋ ಲ್ಯಾಪ್‌ಟಾಪ್ ಬ್ಯಾಟರಿ ಎಷ್ಟು ವರ್ಷ ಖಾಲಿ ಬಿದ್ದಿತ್ತು ಅಂತ ಯಾರಿಗೆ ಗೊತ್ತು?

ರಾಣೆಬೆನ್ನೂರ_ಸ್ಪೀಡ್
ನಮ್ಮ ಮಾವಂದು ಓಡಾಕತ್ತೈತಿ ಮೇಡಂ.

ಡಿಪ್ಲೊಮಾ_ಲ್ಯಾಬ್
ಎಷ್ಟು ದಿನ ಆತು ಮಾಡಿ?

ರಾಣೆಬೆನ್ನೂರ_ಸ್ಪೀಡ್
ಮೂರು ವಾರ

ರಿವೈಂಡಿಂಗ್_ಕಾಕಾ
ಉಣಕಲ್, ಆ ಚಲೋ ಮೂರು ಸೆಲ್ಲಿನ ತಾಕತ್ತು ಅಳಿ. 4.2ರಿಂದ ಅರ್ಧ ಆಂಪಿನಂಗ ಖಾಲಿ ಮಾಡಿ ಎಷ್ಟು ಮಿಲಿಆಂಪ್-ಅವರ್ ಬಂತು ತೋರಿಸೋ ಚಾರ್ಜರ್ ಬರ್ತಾವು. 2500 ಇದ್ದದ್ದು 2300 ಇದ್ರ ಅದಕ್ಕ ಸರಿಹೊಂದೋ ಒಂದು ಸೆಲ್ ಹುಡಿಕಿ ಹಾಕು. ಕಡಿಮಿ ಆಗಿದ್ರ 40ಕ್ಕ 40 ಹೊಸಾವು. ಮುದುಕರ ಸಂಗಟ ಒಬ್ಬ ಪೈಲ್ವಾನನ ಕಟ್ಟಿದ್ರ ಅವನೂ ಸೊರಗ್ತಾನು.

ಉಣಕಲ್_ಪೆಡಲ್
ಅಳದೆ ಕಾಕಾ, 1910, 1880, 1930. ಒಂದೊಂದಕ್ಕ ನಾಕ್ ತಾಸು ಹತ್ತಿತು. 40 ಹೊಸಾವು ತಗೊಳ್ಳೋದ ಅಂತ ಠರಾಯಿಸೇನಿ. ಆನ್‌ಲೈನಾಗ 3800 ಮಿಲಿಆಂಪ್-ಅವರಿನ ಸೆಲ್ ಒಂದಕ್ಕ 90 ರೂಪಾಯಿ ಅಂತ ಐತಿ, ನಾಕು ತರಿಸಿ ನೋಡ್ತೀನಿ.

ಡಿಪ್ಲೊಮಾ_ಲ್ಯಾಬ್
ಬ್ಯಾಡ. 18 ಮಿಮೀ ದಪ್ಪ 65 ಮಿಮೀ ಉದ್ದ, ಅದಕ್ಕ 18650 ಅಂತಾರ. ಅಷ್ಟ ಜಾಗಾದಾಗ ಪೇಟ್ಯಾಗ ಸಿಗೋ ಒಳ್ಳೇ ಕಂಪನಿ ಸೆಲ್ಲು 3500ರ ಆಸುಪಾಸಿಗೆ ನಿಲ್ತಾವು. 90 ರೂಪಾಯಿಗೆ 3800, ಮತ್ತ 5000, 9900 ಅಂತ ಬರದಿದ್ದು ಎಲ್ಲಾ ಸ್ಟಿಕರ್ ಮ್ಯಾಲಿನ ಆಟ. ತರಿಸಿದ್ರ ತೂಕ ಮಾಡ್ರಿ, ಖರೆ ಸೆಲ್ಲು 45 ಗ್ರಾಮಿನ ಹತ್ರ ಇರ್ತದ.

ಉಣಕಲ್_ಪೆಡಲ್
ನೀವು ಬರಿಯೋದ್ರಾಗ ಆರ್ಡರ್ ಹೋಗಿಬಿಟ್ಟಿತ್ರಿ. ಇವತ್ತ ಬಂದ್ವು. ನಮ್ ಓಣ್ಯಾಗ ಅಕ್ಕಸಾಲಿಗರ ಮಾಮಾ ಅದಾರ, ಅವರ ಬಂಗಾರದ ತಕ್ಕಡ್ಯಾಗ ಇಟ್ಟೆ. ನನ್ನ ಹಳೇ ಸೆಲ್ 44.6 ಗ್ರಾಮ್. ಹೊಸಾದು 31.2, ಇನ್ನೊಂದು 29.8. ಮಾಮಾ ಕನ್ನಡಕದ ಮ್ಯಾಲಿಂದ ನೋಡಿ "ಒಂದ ಅಚ್ಚಿನ ಮಾಲು ಒಂದ ತೂಕ ಇರದಿದ್ರ ಅದು ಮಾಲ್ ಅಲ್ಲೋ" ಅಂದ್ರು. ತಾಕತ್ತು ಅಳದ್ರ 640 ಮಿಲಿಆಂಪ್-ಅವರ್. ವಾಪಸ್ ಕಳಿಸೇನಿ, ರೊಕ್ಕ ಇನ್ನೂ ಬಂದಿಲ್ಲ.

ಬ್ಯಾಡಗಿ_ಘಾಟ್
ನಮ್ ಕಡೆ ಮೆಣಸಿನಕಾಯಿ ತೂಕ ಬರಲಿ ಅಂತ ನೀರು ಹೊಡೀತಾರ, ಬ್ಯಾಟರಿಯವರಿಗೆ ಅದೂ ಬರಂಗಿಲ್ಲೇನು

ಬೆಂಗ್ಳೂರಲ್ಲಿರೋ_ಹಾವೇರಿಯವ
ಇಷ್ಟೆಲ್ಲಾ ಆಗಿ ಇನ್ನೂ ಕಟ್ತೀನಿ ಅಂತಿದೀರಲ್ಲ. ಸರಿ, ಒಂದು ಬಕೆಟ್ ಮರಳು ಪಕ್ಕದಲ್ಲಿಟ್ಕೊಳಿ. ಹತ್ಕೊಂಡ್ರೆ ನೀರು ಮಾತ್ರ ಹಾಕ್ಬೇಡಿ, ಲಿಥಿಯಂಗೆ ನೀರು ಬಿದ್ರೆ ಇನ್ನೂ ಜಾಸ್ತಿ ಉರಿಯುತ್ತೆ.

ಡಿಪ್ಲೊಮಾ_ಲ್ಯಾಬ್
ಇದು ಎಲ್ಲಾರೂ ಹೇಳೋ ತಪ್ಪು ಮಾತು, ಅದಕ್ಕ ಬಿಡಿಸಿ ಹೇಳ್ತೀನಿ. ನೀರಿಗೆ ಉರಿಯೋದು ಲಿಥಿಯಂ ಲೋಹ. ಈ ಚಾರ್ಜ್ ಮಾಡೋ ಸೆಲ್ಲಿನಾಗ ಹಂಗ ಲೋಹದ ಗಟ್ಟಿ ಇರೂದಿಲ್ಲ. ಇಲ್ಲಿ ಬೆಂಕಿ ಒಂದು ಸೆಲ್ಲಿಂದ ಮಗ್ಗಲಿನ ಸೆಲ್ಲಿಗೆ ಕಾವಿನಿಂದ ಹಬ್ಬತದ, ಕಾವು ತಗೀಲಿಕ್ಕೆ ಭಾಳ ನೀರೇ ಬೇಕು. ಮರಳು ಒಂದು ಸೆಲ್ಲಿಗೆ ಸಾಕು, 40ಕ್ಕ ಸಾಲಂಗಿಲ್ಲ. ಚಾರ್ಜರ್ ಹಚ್ಚಿದ್ದಿದ್ರ ಮೊದಲ ಮೇನ್ ಬಂದ್ ಮಾಡಬೇಕು. ಹೊಗಿ ಭಾಳ ವಿಷ, ದೊಡ್ಡದಾತು ಅಂದ್ರ ನೀರು ಗೀರು ಬಿಟ್ಟು ಹೊರಗ ಓಡಿ 112ಕ್ಕ ಫೋನ್ ಮಾಡ್ರಿ. ಅದಕ್ಕ ತಲಬಾಗಲದಾಗ, ಪಾವಟಿಗಿ ಕೆಳಗ ಚಾರ್ಜ್ ಹಚ್ಚಬ್ಯಾಡ್ರಿ. ಓಡೋ ದಾರಿನೇ ಅದು.

ಬೆಂಗ್ಳೂರಲ್ಲಿರೋ_ಹಾವೇರಿಯವ
ಓ, ಇದು ಗೊತ್ತಿರ್ಲಿಲ್ಲ ಮೇಡಂ. ನಮ್ದು ಮೆಟ್ಟಿಲ ಕೆಳಗೇ ಚಾರ್ಜ್ ಆಗೋದು. ಇವತ್ತೇ ಬದಲಾಯಿಸ್ತೀನಿ.

ಉಣಕಲ್_ಪೆಡಲ್
ಬಿಲ್ ಕೊಡೋ ಅಂಗಡಿಯಿಂದ ಕಂಪನಿ ಸೆಲ್ 40 ತಗೊಂಡೆ, ಒಂದಕ್ಕ 230. ಎಲ್ಲಾ 3.54, 3.55 ವೋಲ್ಟಿಗೆ ಬಂದಾವು, ತೂಕ 45ರ ಆಜೂಬಾಜೂ. ಈಗ ನಿಕ್ಕಲ್ ಪಟ್ಟಿ ವಿಚಾರ. ಶುದ್ಧ ನಿಕ್ಕಲ್ ಅಂತ ಕೊಟ್ಟಾನು, 0.15 ಮಿಮೀ ದಪ್ಪ 8 ಮಿಮೀ ಅಗಲ. ಹೆಂಗ ಗುರ್ತು ಹಿಡೀಬೇಕು? ಮತ್ತ ನಾ ಸೋಲ್ಡರ್ ಮಾಡಿದ್ರ ನಡಿಯಂಗಿಲ್ಲೇನು?

ರಿವೈಂಡಿಂಗ್_ಕಾಕಾ
ಸೋಲ್ಡರ್ ಸುತಾರಾಂ ಬ್ಯಾಡ. ಕಾವು ಒಳಗ ಇಳದು ಪ್ಲಸ್ ತುದಿ ಸೀಲ್ ಕರಗ್ತೈತಿ, ಆಮ್ಯಾಲ ಅದ ಉಗುರುಬಣ್ಣದ ವಾಸನಿ. ಸ್ಪಾಟ್ ವೆಲ್ಡಿಂಗ್ ಬೇಕು, ಅಂದ್ರ ಜೋರ್ ಕರೆಂಟ್ ಹಾಯಿಸಿ ಚುಕ್ಕಿ ಚುಕ್ಕಿ ಬೆಸಿಯೋದು, ಕಣ್ಣು ಮಿಟಿಕಿಸೋದ್ರಾಗ ಆಗಿರಬೇಕು. ಪಟ್ಟಿ ಪರೀಕ್ಷಾ ಸರಳ, ಒಂದು ತುಂಡಿಗೆ ಗೀರು ಹಾಕಿ ಉಪ್ಪನೀರಾಗ ಎರಡ್ ದಿನ ಇಡು. ನಿಕ್ಕಲ್ ಆದ್ರ ಹಂಗ ಇರ್ತೈತಿ, ಕಬ್ಬಿಣಕ್ಕ ನಿಕ್ಕಲ್ ಕೋಟಿಂಗ್ ಆಗಿದ್ರ ಗೀರಿನಾಗ ತುಕ್ಕು. ಮ್ಯಾಗ್ನೆಟ್ ಹಿಡದು ನೋಡಬ್ಯಾಡ, ನಿಕ್ಕಲ್ಲೂ ಅಂಟ್ತೈತಿ.

ಸಪ್ತಾಪುರ_ಸ್ಟೂಡೆಂಟ್
ಮೊದ್ಲ ಒಂದು ಹಳೇ ಸೆಲ್ ಮ್ಯಾಲ ವೆಲ್ಡ್ ಟ್ರೈ ಮಾಡಿ ಪಕ್ಕಡದಿಂದ ಪಟ್ಟಿ ಎಳೀರಿ. ಪಟ್ಟಿ ಹರದು ವೆಲ್ಡ್ ಚುಕ್ಕಿ ಸೆಲ್ ಮ್ಯಾಲ ಉಳದ್ರ ಪಾಸ್. ಸಿಪ್ಪಿ ಸುಲದಂಗ ಪೂರಾ ಬಂದ್ರ ಫೇಲ್. ಮತ್ತ ಬಿಎಂಎಸ್ ಕನೆಕ್ಟರ್ ಹಾಕೋಕಿಂತ ಮೊದ್ಲ ಮೈನಸ್‌ನಿಂದ ಒಂದೊಂದ ವಾಯರ್ ಅಳೀರಿ, 3.5, 7.1, 10.6 ಹಿಂಗ ಮೆಟ್ಟಲಾ ಹತ್ತಿದಂಗ 35ರ ತನಾ ಹೋಗಬೇಕು. ನಾ ಅಳೀಲಾರದ ಹಾಕಿದೆ, ನಾಕನೇದು ಐದನೇದು ಅದಲಬದಲ ಆಗಿತ್ತು. ಸಣ್ಣ ಹೊಗಿ, 750 ರೂಪಾಯಿ ಬಿಎಂಎಸ್, ರೂಮ್ ತುಂಬ ವಾಸನಿ, ರೂಮ್‌ಮೇಟ್ ಎರಡು ದಿನ ಮಾತಾಡಲಿಲ್ಲ.

ಉಣಕಲ್_ಪೆಡಲ್
ಪಟ್ಟಿ ಪಾಸ್, ನಿಕ್ಕಲ್ಲೇ. ನಮ್ಮವ್ವನ ಸ್ಟೀಲ್ ಲೋಟಾದಾಗ ಉಪ್ಪನೀರು ಇಟ್ಟಿದ್ದೆ, ಅಜ್ಜ ಮಜ್ಜಿಗಿ ತಿಳಿ ಅಂತ ಒಂದ್ ಗುಟುಕು ಕುಡದು ಬಿಟ್ರು. ಅಜ್ಜ ಆರಾಮ ಅದಾರ.

ಸ್ಪಾಟ್ ವೆಲ್ಡರ್ ಗೆಳ್ಯಾಂದು ಎರಡ್ ದಿನಕ್ಕ ಇಸ್ಕೊಂಡೆ. ಮೊದಲ ಹತ್ತು ಚುಕ್ಕಿ ಹಳೇ ಸೆಲ್ ಮ್ಯಾಲ ಕಲಿಯಾಕ ಹೋದ್ವು, ಎರಡು ಕಡೆ ಪಟ್ಟಿ ತೂತಾತು. ಆಮ್ಯಾಲ ಕೈ ಕುಂತು. ಪ್ರತಿ ಸೆಲ್ಲಿನ ಪ್ಲಸ್ ತುದಿಗೆ ಕಾಗದದ ರಿಂಗ್ ಹಚ್ಚೇನಿ, ಯಾಕಂದ್ರ ಪ್ಲಸ್ ಬಟನ್ನಿನ ಸುತ್ತಲಿನ ಅಂಚೇ ಮೈನಸ್, ನಡುವ ಒಂದೆರಡು ಮಿಮೀ ಸಂದಿ, ಮ್ಯಾಲಿನ ಪ್ಲಾಸ್ಟಿಕ್ ಹರದು ಪಟ್ಟಿ ತಾಗಿದ್ರ ಮುಗೀತು ಕಥಿ. ವಾಯರ್ ಅಳದೆ, 35.4ರ ತನಾ ಮೆಟ್ಟಲಾ ಸರಿ ಬಂತು. ಕನೆಕ್ಟರ್ ಒತ್ತೋ ಮುಂದ ಮಾತ್ರ ಕಣ್ಣು ಮುಚ್ಚಿದ್ದೆ ಖರೆ.

ಮೊದಲ ಚಾರ್ಜ್ ಅಂಗಳದಾಗ, ಫರಸೀ ಕಲ್ಲಿನ ಮ್ಯಾಲ, ನಾನೂ ಅಲ್ಲೇ ಕುರ್ಚಿ ಹಾಕ್ಕೊಂಡು ಐದು ತಾಸು. ಹತ್ತೂ ಗುಂಪು 4.19, 4.20. ನಿನ್ನೆ ನವನಗರ ದಾಟಿ ಧಾರವಾಡ ಜುಬಿಲಿ ಸರ್ಕಲ್ಲಿಗೆ ಹೋದೆ, ಪೇಢೆ ತಗೊಂಡೆ, ವಾಪಸ್ ಬರೋ ಮುಂದ ಭೈರಿದೇವರಕೊಪ್ಪ ತನಾ ಬಂತು, ಅಲ್ಲಿ ಬ್ಯಾಟರಿ ಕಡೇ ಕಡ್ಡಿ. ಒಟ್ಟು ಖರ್ಚು ಹತ್ತೂವರಿ ಸಾವಿರ, ನಕಲಿ ಸೆಲ್ಲಿನ 360 ಬಿಟ್ಟು.

ಬೆಟಗೇರಿ_ಮಗ್ಗ
ಶಾಬಾಶ್! ಹಳೇ ಸೆಲ್ ನನಗ ಕೊಡ್ರಿ, ಮಗ್ಗದ ಮನ್ಯಾಗ ಕರೆಂಟ್ ಹೋದಾಗ ಒಂದು ದೀಪಾ ಮಾಡ್ಕೋತೀನಿ.

ಡಿಪ್ಲೊಮಾ_ಲ್ಯಾಬ್
ತಾಕತ್ತು ಅಳದು, ಸೋರಂಗಿಲ್ಲ ಅಂತ ನೋಡಿ ಕೊಡ್ರಿ, ದೀಪಕ್ಕೂ ಬಿಎಂಎಸ್ ಬೇಕು. ಸತ್ತದ್ದು ಮಾತ್ರ ಕಸದ ಗಾಡಿಗೂ ಬ್ಯಾಡ ಮೋಡಕಾಕ್ಕೂ ಬ್ಯಾಡ, ಮೋಡಕಾದಾಗ ಸುತ್ತಿಗಿಲೆ ಒಡೀತಾರ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಕಸದಾಗ ಒಗೀಲಿಕ್ಕೆ ಬರಂಗಿಲ್ಲ, ಬ್ಯಾಟರಿ ತ್ಯಾಜ್ಯ ತಗೊಳ್ಳೋರಿಗೆ ಕೊಡ್ರಿ.

ಈಗರೆ ಖರೆ ಹೇಳ್ರಿ ಉಣಕಲ್. ತುಕ್ಕು ಹಿಡದ ಸೆಲ್ಲು ಪ್ಯಾಕಿನಾಗ ಎಲ್ಲಿತ್ತು, ಚಾರ್ಜಿಂಗ್ ಪಿನ್ನಿನ ಹಿಂದನ ಹೌದಲ್ಲೋ? ಮಳಿ ಮ್ಯಾಲಿಂದ ಬರ್ತದ, ನಿಮ್ಮ ಪಿನ್ನಿಗೆ ರಬ್ಬರ್ ಮುಚ್ಚಳ ಅದ. ಕಾಟ ದೀಪಾವಳಿ ಮುಂದ ಚಾಲೂ ಆತು ಅಂದ್ರಿ. ಅದರ ಹಿಂದ ದಸರಾ.

ಉಣಕಲ್_ಪೆಡಲ್
ಆಯುಧ ಪೂಜಾಕ್ಕ ಎಲ್ಲಾರೂ ಗಾಡಿ ತೊಳಸಾಕತ್ತಿದ್ರು ಮೇಡಂ, ನಾನೂ ಸೈಕಲ್ ವಾಟರ್ ಸರ್ವೀಸಿಗೆ ಒಯ್ದಿದ್ದೆ. ಹುಡುಗ ಪ್ರೆಶರ್ ಗನ್ನಿಲೆ ಹೊಡದಾ. ಬ್ಯಾಟರಿ ಮ್ಯಾಲ ಮಣ್ಣು ಐತಿ, ಅಲ್ಲೂ ಜೋರ್ ಹೊಡಿ ಅಂತ ಹೇಳಿದವ ನಾನ.

ರಿವೈಂಡಿಂಗ್_ಕಾಕಾ
ಮುಂದಿನ ದಸರಾಕ್ಕ ಬ್ಯಾಟರಿ ಕಳಚಿ ಒಳಗಿಟ್ಟು, ಸೈಕಲ್ ಒದ್ದಿ ಅರಬಿಲೆ ಒರಸು. ಮತ್ತ ಕುಂಕುಮ ಹ್ಯಾಂಡಲಿಗೆ ಹಚ್ಚು, ಚಾರ್ಜಿಂಗ್ ಪಿನ್ನಿಗಲ್ಲ. ನನ್ನ ಅಂಗಡಿಗೆ ಅಂಥಾವೂ ಬರ್ತಾವು.